ಗುಟುಕು ನೀರಿನ ನೇಮ
ತೂಕ ಇಳಿಸುವ ಶಸ್ತ್ರಚಿಕಿತ್ಸೆಯ ನಂತರ ಮನೆಯಲ್ಲಿ ಪಾಲಿಸಬೇಕಾದ ಕ್ರಮ

ಕಾಯವನ್ನು ಕಾಯಕದ ನೆಲೆಯೆಂದು ಬಗೆದ ಪರಂಪರೆ ನಮ್ಮದು. ಹನ್ನೆರಡನೆಯ ಶತಮಾನದ ಶರಣರು ದೇಹವನ್ನು ಹೇಯವೆಂದು ತಳ್ಳದೆ, ಲಿಂಗಕ್ಕೆ ಆಶ್ರಯವಾದ ಅಂಗವೆಂದು ಗೌರವಿಸಿದರು. ವೈದ್ಯವೃತ್ತಿಯನ್ನೇ ಕಾಯಕವಾಗಿ ಕೈಗೊಂಡ ವೈದ್ಯ ಸಂಗಣ್ಣನವರು ಆ ಶರಣಸಮೂಹದಲ್ಲಿ ಒಬ್ಬರಾಗಿದ್ದರು. ಆದುದರಿಂದ ದೇಹಕ್ಕೆ ವ್ಯಾಧಿ ಬಂದಾಗ ಅದಕ್ಕೆ ತಕ್ಕ ಚಿಕಿತ್ಸೆ ಮಾಡಿಸಿಕೊಳ್ಳುವುದರಲ್ಲಿ ಸಂಕೋಚಪಡುವ ಕಾರಣವಿಲ್ಲ.

ಅತಿಯಾದ ಬೊಜ್ಜು ಇಂದು ಅಂಥ ವ್ಯಾಧಿಗಳಲ್ಲೊಂದೆಂದು ವೈದ್ಯಶಾಸ್ತ್ರವು ಒಪ್ಪಿದೆ. ಆಹಾರನಿಯಮ, ವ್ಯಾಯಾಮ, ಔಷಧಗಳಿಂದ ಗುಣ ಕಾಣದವರಿಗೆ ಜಠರದ ಶಸ್ತ್ರಚಿಕಿತ್ಸೆಯನ್ನು ವೈದ್ಯರು ಸೂಚಿಸುವುದುಂಟು. ಒಂದು ಕಾಲಕ್ಕೆ ಪರದೇಶಗಳ ಸುದ್ದಿಯಾಗಿದ್ದ ಈ ಚಿಕಿತ್ಸೆ ಈಗ ನಮ್ಮ ರಾಜ್ಯದ ಆಸ್ಪತ್ರೆಗಳಲ್ಲಿಯೂ ನಡೆಯುತ್ತಿದೆ. ಶಸ್ತ್ರಚಿಕಿತ್ಸೆಯನ್ನು ನುರಿತ ವೈದ್ಯರು ನೆರವೇರಿಸುತ್ತಾರೆ. ಆದರೆ ಅನಂತರದ ಆರೈಕೆಯ ಬಹುಪಾಲು ಮನೆಯಲ್ಲಿಯೇ ನಡೆಯಬೇಕು. ಆ ಆರೈಕೆಯಲ್ಲಿ ಎಲ್ಲಕ್ಕಿಂತ ಸರಳವೆಂದು ತೋರುವ, ಎಲ್ಲಕ್ಕಿಂತ ಹೆಚ್ಚಾಗಿ ತಪ್ಪಿಹೋಗುವ ಸಂಗತಿ ನೀರು ಕುಡಿಯುವುದು. ಶಸ್ತ್ರಚಿಕಿತ್ಸೆಯಾದವರು ಮೊದಲ ತಿಂಗಳಲ್ಲಿ ಮತ್ತೆ ಆಸ್ಪತ್ರೆಗೆ ಮರಳಿ ಹೋಗಬೇಕಾಗಿ ಬರುವ ಮುಖ್ಯ ಕಾರಣಗಳಲ್ಲಿ ದೇಹದ ನೀರು ಬತ್ತುವುದೂ ಒಂದಾಗಿದೆ. ಮನೆಯವರು ಎಚ್ಚರದಿಂದಿದ್ದರೆ ಇದನ್ನು ಬಹುಮಟ್ಟಿಗೆ ತಡೆಯಬಹುದು.

ಶಸ್ತ್ರಚಿಕಿತ್ಸೆಯಿಂದ ಆಗುವ ಬದಲಾವಣೆ

ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಡಾ. ಎಡ್ವರ್ಡ್ ಮೇಸನ್ ಅವರು 1966ರಲ್ಲಿ ಗ್ಯಾಸ್ಟ್ರಿಕ್ ಬೈಪಾಸ್ ಎಂಬ ಶಸ್ತ್ರಚಿಕಿತ್ಸೆಯನ್ನು ಆರಂಭಿಸಿದರು. ಇದರ ಇಂದಿನ ರೂಪದಲ್ಲಿ ಜಠರದ ಮೇಲ್ಭಾಗದಲ್ಲಿ ಸುಮಾರು 30 ಮಿಲಿಲೀಟರ್ ಹಿಡಿಯುವ ಪುಟ್ಟ ಚೀಲವನ್ನು ಬೇರ್ಪಡಿಸಿ, ಅದನ್ನು ನೇರವಾಗಿ ಸಣ್ಣಕರುಳಿಗೆ ಜೋಡಿಸುತ್ತಾರೆ. ಇಂದು ಹೆಚ್ಚಾಗಿ ಬಳಕೆಯಲ್ಲಿರುವ ಇನ್ನೊಂದು ವಿಧಾನ ಸ್ಲೀವ್ ಗ್ಯಾಸ್ಟ್ರೆಕ್ಟಮಿ. ಇದರಲ್ಲಿ ಜಠರದ ಮುಕ್ಕಾಲು ಭಾಗಕ್ಕಿಂತ ಹೆಚ್ಚನ್ನು ತೆಗೆದು, ಬಾಳೆಹಣ್ಣಿನ ಆಕಾರದ ಕಿರಿದಾದ ಕೊಳವೆಯೊಂದನ್ನು ಉಳಿಸುತ್ತಾರೆ. ಅದು ಸುಮಾರು 100ರಿಂದ 150 ಮಿಲಿಲೀಟರ್ ಮಾತ್ರ ಹಿಡಿಯುತ್ತದೆ.

ಯಾರಿಗೆ ಈ ಚಿಕಿತ್ಸೆ ಎಂಬುದನ್ನು ದೇಹತೂಕ ಸೂಚ್ಯಂಕದ ಆಧಾರದಿಂದ ನಿರ್ಣಯಿಸಲಾಗುತ್ತದೆ. ತೂಕವನ್ನು ಕಿಲೋಗ್ರಾಂಗಳಲ್ಲಿ ಹಿಡಿದು, ಎತ್ತರದ ಮೀಟರ್‌ಗಳ ವರ್ಗದಿಂದ ಭಾಗಿಸಿದರೆ ದೊರೆಯುವುದೇ ಈ ಸೂಚ್ಯಂಕ. 1.6 ಮೀಟರ್ ಎತ್ತರದ, 105 ಕಿಲೋ ತೂಕದ ವ್ಯಕ್ತಿಯ ಸೂಚ್ಯಂಕ 41 ಆಗುತ್ತದೆ. 1991ರಲ್ಲಿ ಅಮೆರಿಕದ ತಜ್ಞರು, ಸೂಚ್ಯಂಕ 40 ದಾಟಿದವರಿಗೆ ಅಥವಾ 35 ದಾಟಿ ಇತರ ಗಂಭೀರ ಕಾಯಿಲೆಗಳಿರುವವರಿಗೆ ಈ ಚಿಕಿತ್ಸೆ ಯೋಗ್ಯವೆಂದಿದ್ದರು. 2022ರಲ್ಲಿ ಆ ಮಿತಿಯನ್ನು ಸಡಿಲಿಸಲಾಯಿತು. ಏಷ್ಯಾದ ಜನರಲ್ಲಿ ಕಡಿಮೆ ತೂಕದಲ್ಲಿಯೇ ಸಕ್ಕರೆ ಕಾಯಿಲೆ ಮುಂತಾದವು ಕಾಣಿಸಿಕೊಳ್ಳುವುದರಿಂದ, ಅವರಿಗೆ 27.5ರಿಂದಲೇ ಇದನ್ನು ಪರಿಗಣಿಸಬಹುದೆಂದು ತಜ್ಞರ ಸಂಘಗಳು ಸೂಚಿಸಿವೆ.

ನೀರಿನ ಕೊರತೆ ಏಕೆ ಉಂಟಾಗುತ್ತದೆ?

ಆರೋಗ್ಯವಂತನು ಬಾಯಾರಿದಾಗ ಒಂದು ತಂಬಿಗೆ ನೀರನ್ನು ಒಂದೇ ಉಸಿರಿಗೆ ಕುಡಿದು ತೃಪ್ತನಾಗುತ್ತಾನೆ. ಶಸ್ತ್ರಚಿಕಿತ್ಸೆಯಾದವರಿಗೆ ಅದು ಸಾಧ್ಯವಿಲ್ಲ. ಜಠರ ಕಿರಿದಾಗಿರುವುದಲ್ಲದೆ, ಹೊಲಿಗೆ ಹಾಕಿದ ಭಾಗ ಮೊದಲ ಕೆಲವು ದಿನ ಬಾತುಕೊಂಡಿರುತ್ತದೆ. ನಾಲ್ಕು ಗುಟುಕು ಹೆಚ್ಚಾದರೂ ಎದೆ ಬಿಗಿದಂತಾಗಿ, ವಾಕರಿಕೆ ಬರುತ್ತದೆ. ಒಮ್ಮೆ ಹೀಗಾದವರು ಹೆದರಿ ನೀರನ್ನೇ ಮುಟ್ಟದಿರುವುದುಂಟು. ನೀರು ಕಡಿಮೆಯಾದಂತೆ ವಾಕರಿಕೆ ಹೆಚ್ಚುತ್ತದೆ. ವಾಕರಿಕೆ ಹೆಚ್ಚಿದಂತೆ ನೀರು ಇನ್ನೂ ಕಡಿಮೆಯಾಗುತ್ತದೆ.

ಇದಕ್ಕೆ ಇನ್ನೆರಡು ಕಾರಣಗಳು ಸೇರುತ್ತವೆ. ಸಾಮಾನ್ಯವಾಗಿ ನಮಗೆ ದಿನಕ್ಕೆ ಬೇಕಾದ ನೀರಿನ ಸುಮಾರು ಐದನೆಯ ಒಂದು ಪಾಲು ಅನ್ನ, ಸಾರು, ಪಲ್ಯ, ಹಣ್ಣುಗಳ ಮೂಲಕವೇ ದೊರೆಯುತ್ತದೆ. ಆಹಾರ ಕೆಲವೇ ಚಮಚೆಗಳಿಗೆ ಇಳಿದಾಗ ಆ ಪಾಲೂ ಇಲ್ಲವಾಗುತ್ತದೆ. ಜೊತೆಗೆ, ದೇಹವು ತನ್ನಲ್ಲಿ ಶೇಖರಿಸಿಟ್ಟ ಗ್ಲೈಕೋಜನ್ ಎಂಬ ಶರ್ಕರವನ್ನು ಮೊದಲ ದಿನಗಳಲ್ಲಿ ಕರಗಿಸುತ್ತದೆ. ಆ ಶರ್ಕರದ ಪ್ರತಿಯೊಂದು ಗ್ರಾಮಿನೊಡನೆ ಸುಮಾರು 3 ಗ್ರಾಂ ನೀರು ಸೇರಿಕೊಂಡಿದ್ದು, ಅದೂ ಮೂತ್ರದಲ್ಲಿ ಹೊರಹೋಗುತ್ತದೆ. ಮೊದಲ ವಾರದಲ್ಲಿ ತೂಕ ಸರಸರನೆ ಇಳಿದುದನ್ನು ಕಂಡು ಮನೆಯವರು ಹಿಗ್ಗುವುದು ಸಹಜ. ಆದರೆ ಆ ಇಳಿಕೆಯಲ್ಲಿ ನೀರಿನ ಪಾಲೂ ಸಾಕಷ್ಟಿರುತ್ತದೆಂಬುದು ನೆನಪಿನಲ್ಲಿರಬೇಕು.

ಲೆಕ್ಕವಿಟ್ಟು ಕುಡಿಯುವ ಕ್ರಮ

ದಿನವೊಂದಕ್ಕೆ ಕನಿಷ್ಠ ಒಂದೂವರೆ ಲೀಟರ್, ಸಾಧ್ಯವಾದರೆ ಎರಡು ಲೀಟರ್ ದ್ರವ ದೇಹಕ್ಕೆ ಸೇರಬೇಕೆಂಬುದು ಸಾಮಾನ್ಯ ನಿಯಮ. ಹೃದಯ ಅಥವಾ ಮೂತ್ರಪಿಂಡದ ಕಾಯಿಲೆ ಇರುವವರಿಗೆ ಮಾತ್ರ ವೈದ್ಯರು ಬೇರೆ ಮಿತಿಯನ್ನು ಗೊತ್ತುಪಡಿಸುತ್ತಾರೆ. ಆರಂಭದಲ್ಲಿ ಕಾಲುಗಂಟೆಗೊಮ್ಮೆ 30 ಮಿಲಿಲೀಟರ್, ಅಂದರೆ ಎರಡು ದೊಡ್ಡ ಚಮಚೆಯಷ್ಟು, ನಿಧಾನವಾಗಿ ಕುಡಿಯಬೇಕು. ಗಂಟೆಗೆ 120 ಮಿಲಿಲೀಟರ್ ಆಯಿತು. ಎಚ್ಚರವಿರುವ ಹದಿನಾಲ್ಕು ಗಂಟೆಗಳಲ್ಲಿ ಇದು 1,680 ಮಿಲಿಲೀಟರ್ ಆಗುತ್ತದೆ. ಔಷಧದ ಬಾಟಲಿಯೊಡನೆ ಬರುವ ಅಳತೆಯ ಮುಚ್ಚಳ ಈ ಕೆಲಸಕ್ಕೆ ಅನುಕೂಲ. ಎಳೆಯ ಮಗುವಿಗೆ ಒಳಲೆಯಿಂದ ಹಾಲೂಡಿಸುವ ತಾಯಿಯ ತಾಳ್ಮೆಯೇ ಇಲ್ಲಿಯೂ ಬೇಕು.

ಮೊದಲ ಒಂದೆರಡು ದಿನ ತಿಳಿಯಾದ ದ್ರವಗಳು, ಅನಂತರ ಸುಮಾರು ಎರಡು ವಾರ ಹಾಲು, ಮಜ್ಜಿಗೆ, ಬೇಳೆಯ ಕಟ್ಟಿನಂಥ ದ್ರವಾಹಾರ, ಆಮೇಲೆ ನುಣ್ಣಗೆ ಅರೆದ ಆಹಾರ, ಮುಂದೆ ಮೆತ್ತನೆಯ ಆಹಾರ, ಹೀಗೆ ಕ್ರಮವಾಗಿ ಏರಿಸುತ್ತ ಆರರಿಂದ ಎಂಟು ವಾರಗಳಲ್ಲಿ ಸಾಮಾನ್ಯ ಊಟಕ್ಕೆ ಬರುವುದು ರೂಢಿ. ಗಟ್ಟಿ ಆಹಾರ ಆರಂಭವಾದ ಮೇಲೆ ಹೊಸದೊಂದು ತೊಡಕು ಎದುರಾಗುತ್ತದೆ. ಊಟದ ನಡುವೆ ನೀರು ಕುಡಿಯುವಂತಿಲ್ಲ. ಊಟದ ನಂತರ ಅರ್ಧ ಗಂಟೆಯೂ ಕುಡಿಯುವಂತಿಲ್ಲ. ಕೆಲವು ವೈದ್ಯರು ಊಟಕ್ಕೆ ಅರ್ಧ ಗಂಟೆ ಮೊದಲೂ ನಿಲ್ಲಿಸಲು ಹೇಳುತ್ತಾರೆ. ಕಿರಿದಾದ ಜಠರದಲ್ಲಿ ಅನ್ನ, ನೀರು ಎರಡಕ್ಕೂ ಏಕಕಾಲಕ್ಕೆ ಎಡೆಯಿಲ್ಲದಿರುವುದೇ ಇದಕ್ಕೆ ಕಾರಣ.

ಈಗ ಲೆಕ್ಕವನ್ನು ಮತ್ತೊಮ್ಮೆ ನೋಡೋಣ. ಬೆಳಗಿನ 6ರಿಂದ ರಾತ್ರಿ 10ರವರೆಗೆ ಹದಿನಾರು ಗಂಟೆ. ಮೂರು ಊಟಗಳಿಗೆ ಹಿಂದುಮುಂದಿನ ಬಿಡುವು ಸೇರಿ ತಲಾ ಒಂದೂವರೆ ಗಂಟೆ, ಎರಡು ಉಪಾಹಾರಗಳಿಗೆ ತಲಾ ಒಂದು ಗಂಟೆ ಕಳೆದರೆ ಉಳಿಯುವುದು ಒಂಬತ್ತೂವರೆ ಗಂಟೆ ಮಾತ್ರ. ಅಷ್ಟರಲ್ಲಿ ಒಂದೂವರೆ ಲೀಟರ್ ಪೂರೈಸಬೇಕಾದರೆ ಗಂಟೆಗೆ ಸುಮಾರು 160 ಮಿಲಿಲೀಟರ್ ಬೇಕು. ಆ ಹೊತ್ತಿಗೆ ಬಾವು ಇಳಿದಿರುವುದರಿಂದ ಕಾಲುಗಂಟೆಗೆ 40 ಮಿಲಿಲೀಟರ್ ಕುಡಿಯುವುದು ಬಹುತೇಕರಿಗೆ ಕಷ್ಟವಾಗುವುದಿಲ್ಲ. ಆದರೆ ಬಾಯಾರಿಕೆಯಾದಾಗ ಕುಡಿದರಾಯಿತೆಂದು ಬಿಟ್ಟರೆ ಲೆಕ್ಕ ತಪ್ಪುವುದು ಖಂಡಿತ. ಅರ್ಧ ಲೀಟರಿನ ಮೂರು ಬಾಟಲಿಗಳನ್ನು ಬೆಳಿಗ್ಗೆಯೇ ತುಂಬಿಟ್ಟು, ರಾತ್ರಿ ಮಲಗುವಾಗ ಅವು ಬರಿದಾಗಿವೆಯೇ ಎಂದು ನೋಡುವುದು ಸುಲಭೋಪಾಯ.

ಕುಡಿಯುವ ರೀತಿಯ ಬಗೆಗೂ ಒಂದು ಮಾತು. ತುಟಿ ತಾಗಿಸದೆ ತಂಬಿಗೆಯನ್ನೆತ್ತಿ ಬಾಯಿಗೆ ಸುರಿದುಕೊಳ್ಳುವುದು ನಮ್ಮಲ್ಲಿ ಹಲವರ ರೂಢಿ. ಹೀಗೆ ಕುಡಿಯುವಾಗ ನೀರಿನೊಡನೆ ಗಾಳಿಯೂ ಹೊಟ್ಟೆಗಿಳಿಯುತ್ತದೆ, ಗುಟುಕಿನ ಅಳತೆಯೂ ತಪ್ಪುತ್ತದೆ. ರೋಗಿಗೆ ಪ್ರತ್ಯೇಕ ಲೋಟವನ್ನಿಟ್ಟು, ತುಟಿಯಿಟ್ಟು ಮೆಲ್ಲನೆ ಹೀರುವಂತೆ ಹೇಳಬೇಕು. ತೀರ ತಣ್ಣೀರು ಒಗ್ಗದಿದ್ದರೆ ಉಗುರುಬೆಚ್ಚಗಿನ ನೀರು ಹಿತವಾದೀತು.

ಅಡುಗೆಮನೆಯ ಪಾನೀಯಗಳು

ದಿನವಿಡೀ ಬರಿಯ ನೀರು ಬೇಸರ ತರುತ್ತದೆ. ನಮ್ಮ ಅಡುಗೆಮನೆಯಲ್ಲಿ ಇದಕ್ಕೆ ಬಡತನವಿಲ್ಲ. ಕೊಬ್ಬು ತೆಗೆದ ತೆಳು ಮಜ್ಜಿಗೆ, ಜೀರಿಗೆ ಕುದಿಸಿದ ನೀರು, ಸಕ್ಕರೆ ಹಾಕದೆ ಚಿಟಿಕೆ ಉಪ್ಪು ಬೆರೆಸಿದ ನಿಂಬೆಯ ನೀರು, ಖಾರ ಹಾಗೂ ಒಗ್ಗರಣೆ ಇಲ್ಲದ ಹೆಸರುಬೇಳೆ ಅಥವಾ ತೊಗರಿಬೇಳೆಯ ಕಟ್ಟು, ಇವೆಲ್ಲ ಯೋಗ್ಯ. ಮಜ್ಜಿಗೆ, ಹಾಲುಗಳಿಂದ ನೀರಿನೊಡನೆ ಸ್ವಲ್ಪ ಪ್ರೋಟೀನೂ ದೊರೆಯುತ್ತದೆ. ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಬೇಕಾಗುವುದರಿಂದ, ಶುದ್ಧ ಸಸ್ಯಾಹಾರಿಗಳಾದ ನಮ್ಮ ಮನೆಗಳಲ್ಲಿ ವೈದ್ಯರು ಸೂಚಿಸಿದ ಪ್ರೋಟೀನ್ ಪುಡಿಯನ್ನು ಹಾಲಿನಲ್ಲಿ ಕದಡಿ ಕೊಡುವುದು ಅವಶ್ಯವಾಗಬಹುದು.

ಸಿಹಿಯಾದ ಪಾನೀಯಗಳನ್ನು ದೂರವಿಡಬೇಕು. ವಿಶೇಷವಾಗಿ ಬೈಪಾಸ್ ಆದವರಲ್ಲಿ ಸಕ್ಕರೆಯು ಜಠರದಲ್ಲಿ ತಂಗದೆ ಕರುಳಿಗೆ ಒಮ್ಮೆಲೆ ನುಗ್ಗುತ್ತದೆ. ಆಗ ಕರುಳು ಸುತ್ತಲಿನ ನೀರನ್ನು ತನ್ನೊಳಗೆ ಸೆಳೆದುಕೊಂಡು, ಹೊಟ್ಟೆನೋವು, ಬೆವರು, ಎದೆಬಡಿತ, ಭೇದಿ ಕಾಣಿಸುತ್ತವೆ. ಅತಿಥಿಗಳಿಗೆ ನೀರಿನೊಡನೆ ಬೆಲ್ಲ ನೀಡುವುದು ಉತ್ತರ ಕರ್ನಾಟಕದ ಸುಂದರ ಸಂಪ್ರದಾಯ. ಆದರೆ ಶಸ್ತ್ರಚಿಕಿತ್ಸೆಯಾದವರಿಗೆ ಬೆಲ್ಲವೂ ಬೇಡ, ಪಾನಕವೂ ಬೇಡ, ಕಬ್ಬಿನ ಹಾಲೂ ಬೇಡ. ಸೋಡಾ ಮುಂತಾದ ನೊರೆಯುಕ್ಕುವ ಪಾನೀಯಗಳು ಕಿರಿದಾದ ಜಠರವನ್ನು ಉಬ್ಬಿಸುವುದರಿಂದ ವರ್ಜ್ಯ. ಚಹಾ, ಕಾಫಿಗಳನ್ನು ಮೊದಲ ವಾರಗಳಲ್ಲಿ ಬಿಡುವುದು ಲೇಸು. ಎಳನೀರಿನಲ್ಲಿ ಸಹಜ ಸಕ್ಕರೆಯೂ ಪೊಟ್ಯಾಸಿಯಂ ಲವಣವೂ ಇರುವುದರಿಂದ, ವೈದ್ಯರನ್ನು ಕೇಳಿಯೇ ಮಿತವಾಗಿ ಕೊಡಬೇಕು. ಭೇದಿಯಾದಾಗ ಓ.ಆರ್.ಎಸ್. ಪುಡಿಯನ್ನು ಪೊಟ್ಟಣದ ಮೇಲೆ ಬರೆದ ಅಳತೆಯ ನೀರಿನಲ್ಲಿಯೇ ಕರಗಿಸಿ, ಗುಟುಕು ಗುಟುಕಾಗಿ ಕೊಡಬೇಕು.

ಪೂಜೆ, ಪ್ರಸಾದ, ಉಪವಾಸ

ನಮ್ಮ ಆಚಾರಗಳಿಗೂ ಈ ನೇಮಕ್ಕೂ ಎಲ್ಲಿ ತಿಕ್ಕಾಟ ಉಂಟಾಗಬಹುದೆಂಬುದನ್ನು ಮುಚ್ಚುಮರೆಯಿಲ್ಲದೆ ವಿಚಾರಿಸುವುದು ಒಳ್ಳೆಯದು. ಲಿಂಗಪೂಜೆ ಆಗದೆ ಒಂದು ಹನಿ ನೀರನ್ನೂ ಮುಟ್ಟದ ಹಿರಿಯರು ನಮ್ಮ ಎಷ್ಟೋ ಮನೆಗಳಲ್ಲಿದ್ದಾರೆ. ಅವರ ನಿಷ್ಠೆ ವಂದನೀಯವಾದುದು. ಆದರೆ ಬೆಳಗಿನ 5 ಗಂಟೆಗೆ ಎದ್ದು 9 ಗಂಟೆಗೆ ಪೂಜೆ ಮುಗಿಸುವ ರೋಗಿಯೊಬ್ಬರು ಆ ನಾಲ್ಕು ಗಂಟೆಗಳಲ್ಲಿ 480 ಮಿಲಿಲೀಟರ್ ನೀರನ್ನು, ಅಂದರೆ ಕನಿಷ್ಠ ಅವಶ್ಯಕತೆಯ ಸುಮಾರು ಮೂರನೆಯ ಒಂದು ಪಾಲನ್ನು, ಕಳೆದುಕೊಳ್ಳುತ್ತಾರೆ. ಉಳಿದ ಹೊತ್ತಿನಲ್ಲಿ ಅವಸರದಿಂದ ಕುಡಿದು ಅದನ್ನು ತುಂಬಿಕೊಳ್ಳಲು ಅವರ ಜಠರ ಬಿಡುವುದಿಲ್ಲ.

ಇದಕ್ಕೆ ಪರಿಹಾರವು ನಮ್ಮ ಧರ್ಮದಲ್ಲಿಯೇ ಇದೆ. ಇಷ್ಟಲಿಂಗವು ಸದಾ ಅಂಗದ ಮೇಲೆಯೇ ಇರುವಂಥದು. ಅದರ ಪೂಜೆಗೆ ಗುಡಿಯ ಬಾಗಿಲು ತೆರೆಯುವವರೆಗೆ ಕಾಯಬೇಕಾಗಿಲ್ಲ, ಮುಹೂರ್ತವನ್ನೂ ನೋಡಬೇಕಾಗಿಲ್ಲ. ಎದ್ದೊಡನೆ ಮುಖ ತೊಳೆದು, ವಿಭೂತಿ ಧರಿಸಿ, ಸಂಕ್ಷಿಪ್ತವಾಗಿ ಪೂಜೆ ಮುಗಿಸಿ ನೀರಿನ ನೇಮವನ್ನು ಆರಂಭಿಸಬಹುದು. ವಿಸ್ತಾರವಾದ ಪೂಜೆ, ಅನುಷ್ಠಾನಗಳನ್ನು ಅನಂತರ ಮಾಡಿದರಾಯಿತು. ಮನಸ್ಸಿಗೆ ಸಮಾಧಾನವಾಗದಿದ್ದರೆ ಶಸ್ತ್ರಚಿಕಿತ್ಸೆಗೆ ಮೊದಲೇ ತಮ್ಮ ಗುರುಗಳನ್ನು ಕಂಡು ಅಪ್ಪಣೆ ಪಡೆಯುವುದು ಉತ್ತಮ. ಪಾದೋದಕ ಸ್ವೀಕಾರಕ್ಕೆ ಯಾವ ಅಡ್ಡಿಯೂ ಇಲ್ಲ. ಅದು ಹನಿಗಳ ಅಳತೆಯದು.

ಪ್ರಸಾದವನ್ನು ಕೆಡಿಸಬಾರದೆಂಬುದು ನಮ್ಮ ಇನ್ನೊಂದು ಅಮೂಲ್ಯ ಆಚಾರ. ಉಂಡ ತಟ್ಟೆಯನ್ನು ತೊಳೆದು ಆ ನೀರನ್ನೂ ಕುಡಿಯುವ ನಿಷ್ಠಾವಂತರಿದ್ದಾರೆ. ಶಸ್ತ್ರಚಿಕಿತ್ಸೆಯಾದವರಿಗೆ ಇಲ್ಲಿ ಎರಡು ತೊಂದರೆಗಳು. ನೀಡಿದುದನ್ನೆಲ್ಲ ಉಣ್ಣಬೇಕೆಂದು ಹೊರಟರೆ ವಾಂತಿಯಾಗುತ್ತದೆ. ಊಟವಾದೊಡನೆ ತಟ್ಟೆಯ ನೀರು ಕುಡಿದರೆ ಅರ್ಧ ಗಂಟೆಯ ನಿಯಮ ಮುರಿಯುತ್ತದೆ. ಇದಕ್ಕೆ ಮಾರ್ಗವೆಂದರೆ ಮೊದಲಿಗೇ ಎರಡು ಮೂರು ಚಮಚೆಯಷ್ಟು ಮಾತ್ರ ನೀಡಿಸಿಕೊಳ್ಳುವುದು, ಸಣ್ಣ ಬಟ್ಟಲಲ್ಲಿ ಉಣ್ಣುವುದು, ಬಟ್ಟಲನ್ನು ಒಂದು ಚಮಚೆ ನೀರಿನಿಂದ ತೊಳೆದು ಅರ್ಧ ಗಂಟೆಯ ಅನಂತರ ಸ್ವೀಕರಿಸುವುದು. ದಾಸೋಹದಲ್ಲಿ ಬಡಿಸುವವರು ಭಕ್ತಿಯಿಂದ ಒತ್ತಾಯ ಮಾಡುತ್ತಾರೆ. ಪಕ್ಕದಲ್ಲಿ ಕುಳಿತ ಮನೆಯವರು ಕೈ ಅಡ್ಡ ಹಿಡಿದು ನಿಜಸಂಗತಿಯನ್ನು ತಿಳಿಸಿದರೆ ಯಾರೂ ತಪ್ಪು ತಿಳಿಯಲಾರರು.

ಶಿವರಾತ್ರಿಯ ನಿರ್ಜಲ ಉಪವಾಸವನ್ನಾಗಲಿ, ಶ್ರಾವಣ ಸೋಮವಾರಗಳ ಒಪ್ಪೊತ್ತನ್ನಾಗಲಿ ವೈದ್ಯರ ಅನುಮತಿಯಿಲ್ಲದೆ ಕೈಕೊಳ್ಳಬಾರದು. ಕಾಯವನ್ನು ದಂಡಿಸುವ ವ್ರತಗಳನ್ನು ಬಸವಾದಿ ಶರಣರು ಹಿರಿದೆಂದು ಎಣಿಸಲಿಲ್ಲವೆಂಬುದು ಎಲ್ಲರಿಗೂ ತಿಳಿದ ವಿಷಯ. ಜಾತ್ರೆ, ಮದುವೆ, ದೂರದ ಪ್ರಯಾಣಗಳಲ್ಲಿ ಶೌಚಾಲಯದ ಅನುಕೂಲವಿರದೆಂದು ನಮ್ಮ ಹೆಣ್ಣುಮಕ್ಕಳು ನೀರು ಕುಡಿಯುವುದನ್ನೇ ಬಿಡುತ್ತಾರೆ. ಶಸ್ತ್ರಚಿಕಿತ್ಸೆಯಾದ ಮೊದಲ ತಿಂಗಳುಗಳಲ್ಲಿ ಅಂಥ ಪ್ರಯಾಣವನ್ನು ಮುಂದೂಡುವುದೇ ಲೇಸು. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ತಾಪಮಾನ 40 ಡಿಗ್ರಿ ದಾಟುವಾಗ ಬೆವರಿನಲ್ಲಿ ಹೋದ ನೀರನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು.

ಅಪಾಯದ ಸೂಚನೆಗಳು

ಮೂತ್ರವು ತಿಳಿಹಳದಿಯಾಗಿದ್ದರೆ ನೀರು ಸಾಕಷ್ಟಿದೆಯೆಂದು ತಿಳಿಯಬಹುದು. ಅದು ಗಾಢವಾದರೆ, ಪ್ರಮಾಣ ಕುಗ್ಗಿದರೆ, ನಾಲಿಗೆ ಒಣಗಿದರೆ, ಎದ್ದು ನಿಂತಾಗ ಕಣ್ಣು ಕತ್ತಲೆ ಬಂದರೆ, ತಲೆನೋವು ಅಥವಾ ಅತಿ ಆಯಾಸ ಕಾಣಿಸಿದರೆ ನೀರು ಬತ್ತುತ್ತಿದೆಯೆಂದೇ ಅರ್ಥ. ಕುಡಿದುದು ಒಂದು ದಿನವಿಡೀ ಹೊಟ್ಟೆಯಲ್ಲಿ ನಿಲ್ಲದಿದ್ದರೆ ತಡಮಾಡದೆ ವೈದ್ಯರನ್ನು ಕಾಣಬೇಕು. ಜ್ವರ, ತೀವ್ರ ಹೊಟ್ಟೆನೋವು, ನಿಮಿಷಕ್ಕೆ 120ನ್ನು ದಾಟುವ ನಾಡಿಬಡಿತ, ಉಸಿರಾಟದ ತೊಂದರೆ, ಒಂದು ಕಾಲಿನ ಮೀನಖಂಡದ ಬಾವು, ಇವುಗಳಲ್ಲಿ ಯಾವುದು ಕಂಡರೂ ಆ ಗಳಿಗೆಯಲ್ಲೇ ಆಸ್ಪತ್ರೆಗೆ ಹೋಗಬೇಕು. ಹೊಲಿಗೆ ಸೋರುವುದು, ರಕ್ತ ಹೆಪ್ಪುಗಟ್ಟುವುದು ಮುಂತಾದ ಗಂಡಾಂತರಗಳ ಸೂಚನೆ ಇವಾಗಿರಬಹುದು. ದೇಹದಲ್ಲಿ ನೀರು ಕಡಿಮೆಯಾದಾಗ ರಕ್ತ ಹೆಪ್ಪುಗಟ್ಟುವ ಭಯವೂ ಹೆಚ್ಚುತ್ತದೆ.

ಇಲ್ಲಿ ಎಲ್ಲ ಕುಟುಂಬಗಳೂ ತಿಳಿದಿರಲೇಬೇಕಾದ ಸಂಗತಿಯೊಂದಿದೆ. ಯಾರಾದರೂ ನಿತ್ರಾಣಗೊಂಡರೆ ಹತ್ತಿರದ ದವಾಖಾನೆಗೆ ಒಯ್ದು ಗ್ಲೂಕೋಸ್ ಹಚ್ಚಿಸುವುದು ನಮ್ಮಲ್ಲಿ ವಾಡಿಕೆ. ವಾರಗಟ್ಟಲೆ ಊಟ ಕಡಿಮೆಯಾಗಿ, ಮೇಲಿಂದ ಮೇಲೆ ವಾಂತಿಯಾಗುತ್ತಿರುವ ಈ ರೋಗಿಯ ದೇಹದಲ್ಲಿ ಥಯಾಮಿನ್ ಎಂಬ ಬಿ1 ಜೀವಸತ್ವವು ಬರಿದಾಗಿರಬಹುದು. ಅದರ ದಾಸ್ತಾನು ದೇಹದಲ್ಲಿ ಎರಡು ಮೂರು ವಾರಗಳಿಗೆ ಮಾತ್ರ ಸಾಲುತ್ತದೆ. ಗ್ಲೂಕೋಸನ್ನು ಬಳಸಿಕೊಳ್ಳಲು ಥಯಾಮಿನ್ ಬೇಕು. ಅದನ್ನು ಕೊಡದೆ ಗ್ಲೂಕೋಸ್ ಮಾತ್ರ ಹಚ್ಚಿದರೆ, ಉಳಿದಿದ್ದ ಅಲ್ಪಸ್ವಲ್ಪ ಥಯಾಮಿನ್ ಕೂಡ ಖರ್ಚಾಗಿ ಮಿದುಳಿಗೆ ಪೆಟ್ಟು ಬೀಳಬಹುದು. ಕಣ್ಣುಗುಡ್ಡೆಗಳ ಅಸಹಜ ಚಲನೆ, ವಸ್ತುಗಳು ಎರಡಾಗಿ ಕಾಣುವುದು, ನಡಿಗೆಯಲ್ಲಿ ತೂರಾಟ, ಬುದ್ಧಿಭ್ರಮಣೆ ಇದರ ಲಕ್ಷಣಗಳು. ಸಕಾಲದಲ್ಲಿ ಚಿಕಿತ್ಸೆ ದೊರೆಯದಿದ್ದರೆ ನೆನಪಿನ ಶಕ್ತಿ ಶಾಶ್ವತವಾಗಿ ಕುಂದಬಹುದು. ಆದುದರಿಂದ ರೋಗಿಯನ್ನು ಯಾವ ಊರಿನ ಯಾವ ಆಸ್ಪತ್ರೆಗೆ ಕರೆದೊಯ್ದರೂ, “ಇವರಿಗೆ ಜಠರದ ಶಸ್ತ್ರಚಿಕಿತ್ಸೆಯಾಗಿದೆ, ಬಹಳ ವಾಂತಿಯಾಗಿದೆ, ಗ್ಲೂಕೋಸಿಗೆ ಮೊದಲು ಥಯಾಮಿನ್ ಬೇಕಾಗಬಹುದು” ಎಂದು ವೈದ್ಯರಿಗೆ ತಿಳಿಸಬೇಕು. ಬಿಡುಗಡೆಯ ಚೀಟಿಯ ಪ್ರತಿಯೊಂದನ್ನು ರೋಗಿಯ ಕೈಚೀಲದಲ್ಲಿ ಸದಾ ಇಟ್ಟಿರಬೇಕು. ಚಿಕಿತ್ಸೆಯನ್ನು ನೆರೆಹೊರೆಯವರಿಂದ ಮುಚ್ಚಿಟ್ಟರೂ ವೈದ್ಯರಿಂದ ಮುಚ್ಚಿಡಬಾರದು.

ಮುಂದಿನ ದಿನಗಳು

ಗಾಯ ಮಾಗಿದ ಮೇಲೂ ನೀರಿನ ನೇಮ ಮುಗಿಯುವುದಿಲ್ಲ. ಬೈಪಾಸ್ ಆದವರ ಕರುಳಿನಲ್ಲಿ ಜೀರ್ಣವಾಗದ ಕೊಬ್ಬು ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುವುದರಿಂದ, ಕ್ಯಾಲ್ಸಿಯಂ ಜೊತೆಗೂಡಿ ಮಲದಲ್ಲಿ ಹೋಗಬೇಕಾದ ಆಕ್ಸಲೇಟ್ ಲವಣ ರಕ್ತಕ್ಕೆ ಸೇರಿ ಮೂತ್ರಪಿಂಡದಲ್ಲಿ ಹರಳಾಗಬಹುದು. ಮೂತ್ರವು ತೆಳುವಾಗಿ, ಧಾರಾಳವಾಗಿದ್ದರೆ ಹರಳು ಕಟ್ಟುವ ಸಂಭವ ಕಡಿಮೆ. ಇಂಥವರು ಪಾಲಕ, ಬೀಟ್‌ರೂಟ್, ಶೇಂಗಾಗಳನ್ನು ಮಿತವಾಗಿ ಬಳಸುವುದು, ವೈದ್ಯರು ಹೇಳಿದ ಕ್ಯಾಲ್ಸಿಯಂ ಮಾತ್ರೆಗಳನ್ನು ತಪ್ಪದೆ ಸೇವಿಸುವುದು ಹಿತಕರ. ಮಲಬದ್ಧತೆಗೂ ಮುಖ್ಯ ಔಷಧ ನೀರೇ.

ಮೊದಲಿನಿಂದ ಸೇವಿಸುತ್ತಿದ್ದ ಮಾತ್ರೆಗಳ ವಿಷಯದಲ್ಲಿಯೂ ಜಾಗರೂಕತೆ ಬೇಕು. ರಕ್ತದೊತ್ತಡಕ್ಕಾಗಿ ಕೊಡುವ, ಮೂತ್ರ ಹೆಚ್ಚಿಸುವ ಮಾತ್ರೆಗಳು ನೀರು ಬತ್ತುವುದನ್ನು ಉಲ್ಬಣಗೊಳಿಸುತ್ತವೆ. ಸಕ್ಕರೆ ಕಾಯಿಲೆಯ ಮಾತ್ರೆ ಹಾಗೂ ಇನ್ಸುಲಿನ್ ಪ್ರಮಾಣವನ್ನು ತಗ್ಗಿಸಬೇಕಾಗಿ ಬರುತ್ತದೆ. ಇವುಗಳನ್ನು ತಾವಾಗಿ ನಿಲ್ಲಿಸುವುದೂ ಸಲ್ಲದು, ತಾವಾಗಿ ಮುಂದುವರಿಸುವುದೂ ಸಲ್ಲದು. ವೈದ್ಯರಿಂದ ಹೊಸ ಚೀಟಿ ಬರೆಸಿಕೊಳ್ಳಬೇಕು. ಅಂಗಡಿಯಿಂದ ತಂದ ನೋವಿನ ಗುಳಿಗೆಗಳನ್ನು ನುಂಗಿದರೆ, ಬೈಪಾಸ್ ಆದವರ ಜಠರದ ಜೋಡಣೆಯಲ್ಲಿ ಹುಣ್ಣಾಗುವ ಅಪಾಯವಿದೆ.

ಮನೆಯವರ ಹೊಣೆ

ಇಷ್ಟನ್ನೂ ರೋಗಿಯೊಬ್ಬರೇ ನೆನಪಿಟ್ಟು ನಡೆಸುವುದು ಕಷ್ಟ. ಮೊದಲ ಎರಡು ವಾರ ಅವರಿಗೆ ಉತ್ಸಾಹವಿರುವುದಿಲ್ಲ, ಕೆಲವೊಮ್ಮೆ ಮನಸ್ಸೂ ಕುಗ್ಗಿರುತ್ತದೆ. “ಬಾಯಿ ಕಟ್ಟಿದ್ದರೆ ಇದೆಲ್ಲ ಬೇಕಾಗಿತ್ತೆ?” ಎಂಬ ಮಾತು ಆ ಹೊತ್ತಿನಲ್ಲಿ ಬಂಧುಗಳ ಬಾಯಿಂದ ಬಂದರೆ ಗಾಯದ ಮೇಲೆ ಬರೆ ಎಳೆದಂತಾಗುತ್ತದೆ. ಬೊಜ್ಜಿಗೆ ಅನುವಂಶೀಯತೆ, ಹಾರ್ಮೋನುಗಳ ಏರುಪೇರು, ಕೆಲವು ಔಷಧಗಳೂ ಕಾರಣವಾಗುತ್ತವೆಂದು ತಿಳಿದವರು ಹಾಗೆ ಆಡಲಾರರು.

ಅತ್ತೆಗೆ ಶಸ್ತ್ರಚಿಕಿತ್ಸೆಯಾಗಿದ್ದರೆ ಸೊಸೆ, ಸೊಸೆಗೆ ಆಗಿದ್ದರೆ ಅತ್ತೆ ಅಥವಾ ಪತಿ, ಯಾರಾದರೊಬ್ಬರು ಗಡಿಯಾರ ನೋಡಿ ಲೋಟವನ್ನು ಕೈಗೆ ಕೊಡುವ ಕೆಲಸವನ್ನು ವಹಿಸಿಕೊಳ್ಳಬೇಕು. ಶಾಲೆಗೆ ಹೋಗುವ ಮಕ್ಕಳಿಗೆ ಹಾಳೆಯೊಂದನ್ನು ಕೊಟ್ಟು, ಕುಡಿದ ಪ್ರತಿ ಲೋಟಕ್ಕೊಂದು ಗೆರೆ ಎಳೆಯಲು ಹೇಳಿದರೆ ಅವರು ಸಂತೋಷದಿಂದ ಮಾಡುತ್ತಾರೆ. ಮುಂದಿನ ಭೇಟಿಯಲ್ಲಿ ಆ ಹಾಳೆಯನ್ನು ವೈದ್ಯರಿಗೆ ತೋರಿಸಿದರೆ ಅವರಿಗೂ ಅನುಕೂಲ. ಹಸಿದವರಿಗೆ ಅನ್ನ, ಬಾಯಾರಿದವರಿಗೆ ನೀರು ನೀಡುವುದನ್ನು ದಾಸೋಹವೆಂದು ಕಲಿತ ಮನೆಗಳು ನಮ್ಮವು. ಬಾಯಾರಿಕೆಯನ್ನು ಕೇಳಿ ಹೇಳಲಾರದ ರೋಗಿಗೆ, ಅವರು ಬೇಡುವ ಮೊದಲೇ ಎರಡು ಚಮಚೆ ನೀರನ್ನು ಹೊತ್ತು ಹೊತ್ತಿಗೆ ಒದಗಿಸುವ ಸೇವೆಯನ್ನೂ ಆ ದಾಸೋಹದಲ್ಲಿಯೇ ಸೇರಿಸಿಕೊಳ್ಳೋಣ.